ದಾರಿಯಲ್ಲಿ ಊಟಕ್ಕೆ ನಿಂತಾಗ: ಮೊದಲು ಹಸುವಿಗೆ, ಆಮೇಲೆ ನಮಗೆ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರಿಗಾಗಿ ಪಶುವೈದ್ಯ ವಿಸ್ತರಣಾಧಿಕಾರಿಗಳು ನೀಡಿದ ಉಪನ್ಯಾಸದ ಬರಹ ರೂಪ)



ದನದ ಡಾಕ್ಟರು ಹೋಟೆಲಿನ ವಿಚಾರ ಮಾತನಾಡಲು ನಿಂತಿದ್ದಾರೆಂದರೆ ನಿಮಗೆ ನಗು ಬರಬಹುದು. ಮೇವಿನ ಬೆಳೆ, ಗಬ್ಬ ಕಟ್ಟದಿರುವುದು, ಕೆಚ್ಚಲು ಬಾವು ಇವುಗಳ ಬಗ್ಗೆ ಪ್ರತಿ ಶಿಬಿರದಲ್ಲಿಯೂ ಕೇಳಿದ್ದೀರಿ. ಇಂದು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ದೂರದ ಸಂತೆಯಿಂದ ಹಸು ಕೊಂಡು ವಾಹನದಲ್ಲಿ ಹೇರಿಕೊಂಡು ಬರುವಾಗ ನಾವು ದಾರಿಯ ಖಾನಾವಳಿ ಮುಂದೆ ನಿಲ್ಲುತ್ತೇವಲ್ಲ, ಆ ಮುಕ್ಕಾಲು ಗಂಟೆಯೇ ಇಂದಿನ ವಿಷಯ. ಸಂತೆಯಲ್ಲಿ ಹಸುವಿನ ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ, ಹಾಲು ಕರೆದು ನೋಡುತ್ತೇವೆ, ದರಕ್ಕಾಗಿ ಅರ್ಧ ದಿನ ಚೌಕಾಸಿ ಮಾಡುತ್ತೇವೆ. ಆದರೆ ಅಷ್ಟು ದುಡ್ಡು ಕೊಟ್ಟು ತಂದ ಹಸು ಊರಿಗೆ ಬಂದು ಕೆಚ್ಚಲು ತುಂಬಿ ನಿಲ್ಲುವುದೋ, ನೆಲ ಹಿಡಿದು ಮಲಗುವುದೋ ಎಂಬುದು ಎಷ್ಟೋ ಸಲ ಆ ಮುಕ್ಕಾಲು ಗಂಟೆಯಲ್ಲಿ ತೀರ್ಮಾನವಾಗುತ್ತದೆ.

ಹಿರಿಯರು ಹೇಗೆ ನಿಲ್ಲುತ್ತಿದ್ದರು?

ನಮ್ಮ ಈ ಐದು ತಾಲ್ಲೂಕುಗಳ ಜನರಿಗೆ ದೂರದ ದಾರಿ ಹೊಸದಲ್ಲ. ಭಾರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಕಾರಣಿಕಕ್ಕೆ, ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆ, ಉಚ್ಚಂಗಿ ಯಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿಕೊಂಡು ಹೋದವರ ಮಕ್ಕಳು, ಮೊಮ್ಮಕ್ಕಳು ನಾವು. ಇಂದಿಗೂ ಮೈಲಾರಕ್ಕೆ ಎತ್ತಿನ ಬಂಡಿಯಲ್ಲಿ ಹೋಗುವ ಮನೆತನಗಳಿವೆ. ದಾವಣಗೆರೆ ಕಡೆಯಿಂದ ಕೊಟ್ಟೂರಿಗೆ ಪಾದಯಾತ್ರೆ ಬರುವ ಭಕ್ತರಿಗೆ ದಾರಿಯುದ್ದಕ್ಕೂ ಊಟ, ಮಜ್ಜಿಗೆ, ನೀರಿನ ಸೇವೆ ಮಾಡುವವರೂ ಇದ್ದಾರೆ.

ಆ ಕಾಲದಲ್ಲಿ ದಾರಿಯಲ್ಲಿ ಹೋಟೆಲುಗಳಿರಲಿಲ್ಲ. ಬುತ್ತಿ ಇತ್ತು. ಕಟಕು ರೊಟ್ಟಿ, ಶೇಂಗಾ ಚಟ್ನಿ, ಅಗಸೆ ಚಟ್ನಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಬುತ್ತಿ ಬಿಚ್ಚುವ ಜಾಗ ಯಾವುದೆಂದು ನಿರ್ಧರಿಸುತ್ತಿದ್ದವರು ಮನುಷ್ಯರಲ್ಲ, ಎತ್ತುಗಳು. ಹಳ್ಳವೋ ಕೆರೆಯೋ ಬಾವಿಯೋ ಇರಬೇಕು. ಹುಣಿಸೆ ಮರವೋ ಬೇವಿನ ಮರವೋ ನೆರಳು ಕೊಡಬೇಕು. ಅಂಥ ಕಡೆ ಬಂಡಿ ನಿಲ್ಲಿಸಿ ಮೊದಲು ನೊಗ ಇಳಿಸುತ್ತಿದ್ದರು. ಎತ್ತುಗಳ ಬೆನ್ನು ಸವರಿ, ಬೆವರು ಆರುವವರೆಗೆ ಬಿಟ್ಟು, ನೀರು ತೋರಿಸಿ, ಮುಂದೆ ಸೊಪ್ಪೆ ಹಾಕಿದ ಮೇಲೆಯೇ ಬುತ್ತಿಯ ಗಂಟು ಬಿಚ್ಚುತ್ತಿದ್ದರು. ಎತ್ತು ಬಾಯಾಡಿಸದೆ ಯಜಮಾನ ತುತ್ತು ಎತ್ತಿದರೆ ಮನೆಯ ಹಿರಿಯರು ಬೈಯುತ್ತಿದ್ದರು.

ಇದು ಕೇವಲ ದಯೆಯ ಮಾತಲ್ಲ. ಎತ್ತು ಸೋತರೆ ಬಂಡಿ ಮುಂದೆ ಸಾಗದು ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಇಂದು ನಮ್ಮ ವಾಹನ ಎಳೆಯುವುದು ಡೀಸೆಲ್ ಎಂಜಿನ್. ಹಸು ನಿತ್ರಾಣವಾದರೂ ವಾಹನ ಓಡುತ್ತದೆ. ಆದ್ದರಿಂದಲೇ ಹಿಂದಿನ ಪದ್ಧತಿ ನಮಗೆ ತಿಳಿಯದಂತೆಯೇ ಬಿಟ್ಟುಹೋಗಿದೆ. ಈಗ ಜಾಗ ಆರಿಸುವವನು ಚಾಲಕ, ಹೊತ್ತು ನಿರ್ಧರಿಸುವುದು ನಮ್ಮ ಹೊಟ್ಟೆ. ಹಸು ಮಾತ್ರ ತಾಡಪಾಲಿನ ಕೆಳಗೆ ನಿಂತೇ ಇರುತ್ತದೆ.

ವಾಹನದಲ್ಲಿ ಹಸುವಿಗೆ ಏನಾಗುತ್ತದೆ?

ಮಿಶ್ರತಳಿ ಎಚ್.ಎಫ್. ಹಸುಗಳಿಗಾಗಿ ನಮ್ಮ ಸದಸ್ಯರಲ್ಲಿ ಹಲವರು ಕೋಲಾರ, ಚಿಂತಾಮಣಿ ಕಡೆಗೆ ಹೋಗುವುದುಂಟು. ಅಲ್ಲಿಂದ ಬೆಂಗಳೂರು, ತುಮಕೂರು, ಹಿರಿಯೂರು, ಚಿತ್ರದುರ್ಗದ ಮೇಲೆ ಬಂದು, ಚಿತ್ರದುರ್ಗದಲ್ಲಿ ನಾವೆಲ್ಲ ಹಿಂದೆ 13ನೇ ನಂಬರಿನ ಹೆದ್ದಾರಿ ಎನ್ನುತ್ತಿದ್ದ ಈಗಿನ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಕೂಡ್ಲಿಗಿ ಮುಟ್ಟಬೇಕು. ಇದು 300 ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಲ್ಲಿಂದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗೆ ಇನ್ನಷ್ಟು. ಹರಪನಹಳ್ಳಿಯವರು ದಾವಣಗೆರೆ ಮೇಲೆ ಬರಬಹುದು. ಯಾವ ದಾರಿಯಾದರೂ ಏರಿಸುವುದು, ಇಳಿಸುವುದು ಸೇರಿ ಒಂದು ಹಗಲು ಅಥವಾ ಒಂದು ರಾತ್ರಿ ಪೂರ್ತಿ ಹೋಗುತ್ತದೆ.

ಅಷ್ಟು ಹೊತ್ತು ಹಸು ನಾಲ್ಕು ಕಾಲು ಅಗಲಿಸಿ, ಪ್ರತಿ ತಿರುವಿನಲ್ಲಿ, ಪ್ರತಿ ಬ್ರೇಕಿಗೆ ಮೈ ತಡೆದುಕೊಂಡು ನಿಂತಿರುತ್ತದೆ. ನಾವು ಕೂತು ಬರುತ್ತೇವೆ, ಅದು ಕೆಲಸ ಮಾಡುತ್ತಾ ಬರುತ್ತದೆ. ಗಾಬರಿಯಿಂದ ಮೆಲುಕು ನಿಲ್ಲುತ್ತದೆ. ಬೆವರು, ಉಸಿರು, ಸಗಣಿ, ಗಂಜಲಗಳ ಮೂಲಕ ನೀರು ಹೋಗುತ್ತಲೇ ಇರುತ್ತದೆ. ಹಾಲು ಕೊಡುವ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮೇವು ನೀರು ಇಲ್ಲದೆ ದೀರ್ಘ ಪ್ರಯಾಣ ಮಾಡಿದ ದನದ ತೂಕ ನೂರಕ್ಕೆ 5ರಿಂದ 10ರಷ್ಟು ಇಳಿಯಬಹುದು. 400 ಕಿಲೋ ತೂಗುವ ಹಸುವಿಗೆ ಅದು 20ರಿಂದ 40 ಕಿಲೋ. ಹಾಲು ಇಳಿಯುವುದಂತೂ ಖಂಡಿತ. ದಣಿದ ದನದ ರೋಗ ತಡೆಯುವ ಶಕ್ತಿಯೂ ಕುಗ್ಗುವುದರಿಂದ ಪ್ರಯಾಣದ ನಂತರ ಜ್ವರ, ಕೆಮ್ಮು, ಗಂಟಲು ಬೇನೆ ಕಾಣಿಸಿಕೊಳ್ಳುತ್ತವೆ. ಗಬ್ಬದ ಹಸು ಕಂದು ಹಾಕುವ ಅಪಾಯವೂ ಇದೆ.

ಇನ್ನೊಂದು ಮಾತು. ವಾಹನ ಓಡುವಾಗ ಗಾಳಿಯಾದರೂ ಆಡುತ್ತದೆ. ನಿಂತ ಕೂಡಲೇ ಗಾಳಿ ನಿಲ್ಲುತ್ತದೆ. ಎಚ್.ಎಫ್. ಹಸುವಿಗೆ 25 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಸೆಕೆ ಶುರುವಾಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ತಾಡಪಾಲು ಮುಚ್ಚಿದ ವಾಹನವನ್ನು ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿ ನಾವು ಫ್ಯಾನಿನ ಕೆಳಗೆ ಊಟಕ್ಕೆ ಕೂತರೆ ಹಿಂದೆ ಹಸು ಒಲೆಯೊಳಗೆ ನಿಂತಂತೆಯೇ ಸರಿ. ನಮಗೆ ವಿಶ್ರಾಂತಿಯ ಹೊತ್ತು ಯಾವುದೋ ಅದೇ ಹಸುವಿಗೆ ಅತ್ಯಂತ ಕಷ್ಟದ ಹೊತ್ತು. ಇದನ್ನು ಮರೆಯಬಾರದು.

ಎಂಥ ಹೋಟೆಲಿನ ಮುಂದೆ ನಿಲ್ಲಬೇಕು?

ಊಟ ರುಚಿಯಾಗಿರುವ ಜಾಗ ಚಾಲಕರಿಗೆ ಗೊತ್ತಿರುತ್ತದೆ. ಆದರೆ ದನ ಹೇರಿದ ವಾಹನಕ್ಕೆ ಬೇಕಾದ ಜಾಗವನ್ನು ನಾವೇ ಹೇಳಬೇಕು. ಹೊರಡುವ ಮುಂಚೆಯೇ ಚಾಲಕರಿಗೆ ಹೇಳಿಬಿಡಿ: "ಅಣ್ಣಾ, ನೆರಳು, ನೀರು ಇರೋ ಕಡೆ ನಿಲ್ಸಪ್ಪ, ಊಟ ಎರಡನೇ ಮಾತು." ನೋಡಬೇಕಾದದ್ದು ನಾಲ್ಕು.

1. ನೆರಳು. ದೊಡ್ಡ ಮರ ಇರಬೇಕು, ಇಲ್ಲವೆ ಕಟ್ಟಡದ ನೆರಳು ಬೀಳುವ ಬದಿ ಇರಬೇಕು. ಗಾಳಿ ಬರುವ ದಿಕ್ಕಿಗೆ ವಾಹನದ ಬದಿ ಮಾಡಿ ನಿಲ್ಲಿಸಿ, ತಾಡಪಾಲಿನ ಎರಡೂ ಬದಿ ಮೇಲೆತ್ತಿ ಕಟ್ಟಬೇಕು.

2. ಶುದ್ಧ ನೀರು. ನಲ್ಲಿ ಅಥವಾ ಬೋರ್‌ವೆಲ್ ನೀರು ಕೇಳಿ ತುಂಬಿಸಿಕೊಳ್ಳಬೇಕು. ಹೋಟೆಲಿನ ಮಾಲೀಕರು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಬಾಯಿ ಅಗಲವಾದ ಒಂದು ಬಕೆಟ್ಟು ನಮ್ಮದೇ ಇರಲಿ. ಪಾತ್ರೆ ತೊಳೆದ ಸೋಪಿನ ನೀರು, ಮುಸುರೆ ನೀರು ಬೇಡವೇ ಬೇಡ.

3. ಸಮತಟ್ಟಾದ ನೆಲ. ಇಳಿಜಾರಿನಲ್ಲಿ ನಿಲ್ಲಿಸಿದರೆ ಹಸು ಒಂದೇ ಕಡೆ ಭಾರ ಹಾಕಿ ಕಾಲು ಸೋಲುತ್ತದೆ.

4. ಬೇರೆ ದನದ ವಾಹನಗಳಿಂದ ದೂರ. ಸಂತೆಯ ದಿನ ಒಂದೇ ಹೋಟೆಲಿನ ಮುಂದೆ ಐದಾರು ವಾಹನಗಳು ಸಾಲಾಗಿ ನಿಲ್ಲುತ್ತವೆ. ಕಾಲುಬಾಯಿ ಬೇನೆ ಉಸಿರಿನಿಂದ, ಜೊಲ್ಲಿನಿಂದ, ಒಂದೇ ಬಕೆಟ್ಟಿನಿಂದ ಹರಡುತ್ತದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಮಗಂಟು ರೋಗ ಹಬ್ಬಿದ್ದನ್ನು ನೀವೆಲ್ಲ ಕಂಡಿದ್ದೀರಿ. ಅದನ್ನು ನೊಣ, ಸೊಳ್ಳೆ, ಉಣ್ಣೆಗಳು ಹರಡುತ್ತವೆ, ರೋಗದ ದನ ಹೋದ ಊರಿಗೆ ರೋಗವೂ ಹೋಗುತ್ತದೆ. ಆದ್ದರಿಂದ ಪಕ್ಕದ ವಾಹನದವರು ಎಷ್ಟೇ ಪರಿಚಯದವರಾದರೂ ಬಕೆಟ್ಟು, ಹಗ್ಗ, ಮೇವು ಕೊಡು-ಕೊಳ್ಳುವುದು ಬೇಡ.

ನಿಂತ ಮೇಲೆ ಮೊದಲ ಕಾಲು ಗಂಟೆ

ನಾಲ್ಕು ಗಂಟೆಗೊಮ್ಮೆಯಾದರೂ ವಾಹನ ನಿಲ್ಲಬೇಕು. ಚಾಲಕರು ಐದು ಗಂಟೆ ಕೆಲಸ ಮಾಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲಿ ಇತ್ತು. ಚಾಲಕರನ್ನು "ಇನ್ನೊಂದಿಷ್ಟು ದೂರ ಹೋಗೋಣ, ಊರು ಬಂದೇಬಿಡ್ತು" ಎಂದು ಒತ್ತಾಯಿಸುವುದು ನಮ್ಮ ಜೀವಕ್ಕೂ ಒಳ್ಳೆಯದಲ್ಲ, ಹಸುವಿನ ಜೀವಕ್ಕೂ ಒಳ್ಳೆಯದಲ್ಲ.

ನಿಂತ ಕೂಡಲೇ ಒಬ್ಬರು ಹೋಟೆಲಿಗೆ ಹೋಗದೆ ವಾಹನದ ಬಳಿ ಇರಬೇಕು. ಮೊದಲು ಹಿಂದೆ ಹೋಗಿ ನೋಡಬೇಕು. ಯಾವುದಾದರೂ ಹಸು ಬಿದ್ದಿದೆಯೆ? ಹಗ್ಗ ಕುತ್ತಿಗೆಗೆ ಬಿಗಿದಿದೆಯೆ? ಬಾಯಿ ತೆರೆದು ಏದುಸಿರು ಬಿಡುತ್ತಿದೆಯೆ? ಎಡ ಹೊಟ್ಟೆ ಉಬ್ಬಿದೆಯೆ? ಕಾಲಿನಲ್ಲಿ, ಮೊಲೆಯಲ್ಲಿ ರಕ್ತವಿದೆಯೆ? ಸಗಣಿ, ಗಂಜಲದಿಂದ ನೆಲ ಜಾರುತ್ತಿದ್ದರೆ ಒಣ ಹುಲ್ಲು ಅಥವಾ ಮರಳು ಹರಡಬೇಕು. ಬಿದ್ದ ಹಸುವನ್ನು ಎಬ್ಬಿಸುವವರೆಗೆ ವಾಹನ ಹೊರಡಬಾರದು.

ಐದು ನಿಮಿಷ ಬಿಟ್ಟು ನೀರು ತೋರಿಸಿ. ಒಂದೊಂದು ಹಸುವಿಗೂ ಪ್ರತ್ಯೇಕವಾಗಿ, ಬಕೆಟ್ಟು ಕೈಯಲ್ಲಿ ಹಿಡಿದು. ಗಾಬರಿಯಾದ ಹಸು ಮೊದಲ ಸಲ ಮೂಸಿ ಬಿಡಬಹುದು. "ಕುಡಿಯಲಿಲ್ಲ" ಎಂದು ಹೊರಟುಬಿಡಬೇಡಿ. ನಿಮ್ಮ ಊಟ ಮುಗಿಸಿ ಬಂದು ಇನ್ನೊಮ್ಮೆ ತೋರಿಸಿದರೆ ಕುಡಿಯುತ್ತದೆ. ನೀರಿನ ನಂತರ ಮಾರಿದವರ ಮನೆಯಿಂದಲೇ ತಂದ ಒಣ ಮೇವು ಸ್ವಲ್ಪ ಹಾಕಿ. ಅದು ತಿಂದು ರೂಢಿಯಾದ ಮೇವು, ವಾಸನೆ ಪರಿಚಯದ್ದು. ಆದ್ದರಿಂದ ಹಸು ಕೊಳ್ಳುವಾಗ ಎರಡು ದಿನದ ಮೇವನ್ನೂ ಕೇಳಿ ಕೊಳ್ಳುವುದು ಜಾಣತನ.

ಹೋಟೆಲಿನ ಹಿಂದಿನ ಹೊಲದಲ್ಲಿ ಹಸಿರು ಜೋಳ ಕಂಡು ನಾಲ್ಕು ದಂಟು ಕಿತ್ತು ಹಾಕುವವರಿದ್ದಾರೆ. ಮಳೆ ಕೊರತೆಯಿಂದ ಬಾಡಿದ ಎಳೆಯ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ. ಹಸಿದ ಹಸು ಅದನ್ನು ಗಬಗಬ ತಿಂದರೆ ಕೆಲವೇ ನಿಮಿಷಗಳಲ್ಲಿ ಬೀಳಬಹುದು. ಜೋಳದ ನಾಡಿನವರಾದ ನಮಗೆ ಇದು ಗೊತ್ತಿರುವ ಮಾತೇ. ದಾರಿಯಲ್ಲಿ ಮರೆಯಬಾರದು ಅಷ್ಟೆ.

ಬೆಳಗಿನ ಹಾಲು ಕರೆದು ಏರಿಸಿದ ಹಸುವನ್ನು ಸಂಜೆಯೊಳಗೆ ಊರು ಮುಟ್ಟಿಸಲಾಗದಿದ್ದರೆ, 12 ಗಂಟೆ ಮೀರುವ ಮುಂಚೆ ನಿಂತ ಜಾಗದಲ್ಲಿ ಹಾಲು ಕರೆಯಬೇಕು. ತುಂಬಿದ ಕೆಚ್ಚಲಿನಿಂದ ಹಾಲು ಸೋರಿ, ಮೊಲೆತೂತು ತೆರೆದು, ಸಗಣಿ ಸೋಕಿದರೆ ಕೆಚ್ಚಲು ಬಾವು ಕಟ್ಟಿಟ್ಟದ್ದು.

ಎಲೆಯಲ್ಲಿ ಉಳಿದ ಅನ್ನ

ಈಗ ಹೇಳುವ ಮಾತನ್ನು ದಯವಿಟ್ಟು ಮನೆಯವರಿಗೂ ಹೇಳಿ.

ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯರ ಮನೆಯಿಂದ ಕರೆ ಬಂತು. ಹಿಂದಿನ ರಾತ್ರಿ ತಂದ ಹಸು ಮೇವು ಮುಟ್ಟುತ್ತಿಲ್ಲ, ತೇಲಾಡುತ್ತಿದೆ ಎಂದರು. ಹೋಗಿ ನೋಡಿದರೆ ಹಸು ಮಲಗಿತ್ತು. ಕಣ್ಣು ಒಳಗೆ ಸೇರಿತ್ತು, ಸಗಣಿ ತೆಳುವಾಗಿ ಹುಳಿ ವಾಸನೆ ಹೊಡೆಯುತ್ತಿತ್ತು, ಹೊಟ್ಟೆ ಒತ್ತಿದರೆ ನೀರು ತುಂಬಿದ ಚೀಲದಂತೆ ಕುಲುಕುತ್ತಿತ್ತು. ದಾರಿಯಲ್ಲಿ ಏನು ತಿನ್ನಿಸಿದಿರಿ ಎಂದು ಕೇಳಿದೆ. "ಏನೂ ಇಲ್ಲ ಡಾಕ್ಟ್ರೆ, ಹಸಿದಿತ್ತು ಅಂತ ಊಟದ ಹೋಟ್ಲಾಗ ಉಳಿದಿದ್ದ ಅನ್ನ ಎರಡು ಬುಟ್ಟಿ ಹಾಕಿದ್ವಿ. ಪಾಪ, ಎಲ್ಲಾ ತಿಂತು" ಎಂದರು. ಹೋಟೆಲಿನವರು ಪ್ರೀತಿಯಿಂದ ಕೊಟ್ಟಿದ್ದರು, ಇವರು ಪ್ರೀತಿಯಿಂದ ಹಾಕಿದ್ದರು. ಎರಡು ದಿನ ಔಷಧಿ ನಡೆಯಿತು, ಮೂರನೆಯ ದಿನ ಹಸು ಹೋಯಿತು. ಸಾಲದ ಮೊದಲ ಕಂತು ಕಟ್ಟುವ ದಿನ ಇನ್ನೂ ಬಂದಿರಲಿಲ್ಲ.

ಕಾರಣ ಇಷ್ಟೆ. ಹಸುವಿನ ದೊಡ್ಡ ಹೊಟ್ಟೆ ನಾರು ಜೀರ್ಣಿಸುವ ಸೂಕ್ಷ್ಮಾಣುಗಳ ಮನೆ. ಹಸಿದ ಹೊಟ್ಟೆಗೆ ಒಮ್ಮೆಲೇ ಅನ್ನ, ರೊಟ್ಟಿ, ಮುದ್ದೆ, ಹಿಟ್ಟು ಬಿದ್ದರೆ ಪಿಷ್ಟ ತಿನ್ನುವ ಸೂಕ್ಷ್ಮಾಣುಗಳು ಮಿತಿಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲ ಉತ್ಪತ್ತಿ ಮಾಡುತ್ತವೆ. ಹೊಟ್ಟೆ ಹುಳಿಯಾಗುತ್ತದೆ. ರಕ್ತದ ನೀರು ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಮೆಲುಕು ನಿಲ್ಲುತ್ತದೆ, ಆಮ್ಲ ರಕ್ತಕ್ಕೂ ಸೇರುತ್ತದೆ. ಒಂದರಿಂದ ಮೂರು ದಿನಗಳಲ್ಲಿ ಹಸು ಸಾಯಬಹುದು. ಬದುಕಿದರೂ ಗೊರಸು ಬಾವು ಬಂದು ಕುಂಟುತ್ತದೆ. ಜಾತ್ರೆ, ಮದುವೆಗಳ ಮರುದಿನ ನಮಗೆ ಇಂಥ ಕರೆಗಳು ಬರುವುದೂ ಇದೇ ಕಾರಣಕ್ಕೆ.

ಆದ್ದರಿಂದ ಹೋಟೆಲಿನ ಉಳಿಕೆ ಅನ್ನ, ಬಜ್ಜಿ, ಮಂಡಕ್ಕಿ, ಬಾಳೆ ಎಲೆಯ ರಾಶಿ ಯಾವುದೂ ವಾಹನದ ಹಸುವಿಗೆ ಬೇಡ. ಎಲೆ ರಾಶಿಯ ನಡುವೆ ಪ್ಲಾಸ್ಟಿಕ್ ಹಾಳೆ, ಚಹಾದ ಕಪ್ಪು, ಸ್ಟೇಪ್ಲರ್ ಪಿನ್ನು ಇರುತ್ತವೆ. ಅನ್ನ ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣ ಕಾಣುವವರೆಗೆ ಕಾಯದೆ ಪಶುವೈದ್ಯರಿಗೆ ತಿಳಿಸಿ. ಮೊದಲ ಕೆಲವು ಗಂಟೆಗಳಲ್ಲಿ ಉಳಿಸುವ ದಾರಿ ಇದೆ. ಮಲಗಿದ ಹಸುವಿಗೆ ಗೊಟ್ಟದಲ್ಲಿ ಏನನ್ನೂ ಬಲವಂತವಾಗಿ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಬೇರೆ ಅಪಾಯ ತರುತ್ತದೆ.

ನಮ್ಮ ಊಟ

ಹಸುವಿನ ಕೆಲಸ ಮುಗಿಯಿತು. ಈಗ ಕೈ ತೊಳೆಯೋಣ. ದನ ಮುಟ್ಟಿದ ಕೈ, ಆದ್ದರಿಂದ ಸೋಪು ಹಚ್ಚಿ ತೊಳೆಯಬೇಕು.

ನಮ್ಮ ಸೀಮೆಯ ಹೋಟೆಲುಗಳಲ್ಲಿ ಸಿಗುವ ಊಟ ಒಳ್ಳೆಯ ಊಟ. ಖಾನಾವಳಿಯಲ್ಲಿ ಕಣ್ಣೆದುರೇ ಬಡಿದು ಬೇಯಿಸಿದ ಬಿಸಿ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ದೂರದ ದಾರಿಗೆ ಅದಕ್ಕಿಂತ ಹಿತವಾದದ್ದು ಬೇಕಿಲ್ಲ. ಬೆಳಗಿನ ಹೊತ್ತಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ದಾವಣಗೆರೆ ದಾರಿಯಲ್ಲಾದರೆ ಬೆಣ್ಣೆ ದೋಸೆ. ಆ ಬೆಣ್ಣೆಯೂ ಯಾವುದೋ ಹಾಲು ಉತ್ಪಾದಕರ ಮನೆಯಿಂದಲೇ ಹೊರಟದ್ದು.

ಆರಿಸುವಾಗ ಒಂದೇ ಸೂತ್ರ ನೆನಪಿಡಿ: ಆವಿ ಏಳುವ ಊಟ ಉತ್ತಮ. ಬೇಯಿಸಿದ ಆಹಾರ 60 ಡಿಗ್ರಿಗಿಂತ ಬಿಸಿಯಾಗಿದ್ದರೆ ಅಥವಾ 5 ಡಿಗ್ರಿಗಿಂತ ತಣ್ಣಗಿದ್ದರೆ ರೋಗಾಣುಗಳು ಬೆಳೆಯುವುದಿಲ್ಲ. ನಡುವಿನ ಉಗುರುಬೆಚ್ಚನೆಯ ಸ್ಥಿತಿಯಲ್ಲೇ ಅಪಾಯ. ರಾತ್ರಿ ಉಳಿದ ಅನ್ನದ ಚಿತ್ರಾನ್ನ, ಬೆಳಗ್ಗೆ ರುಬ್ಬಿ ಮಧ್ಯಾಹ್ನದವರೆಗೆ ತೆರೆದಿಟ್ಟ ಕೊಬ್ಬರಿ ಚಟ್ನಿ, ನೊಣ ಕೂತ ಹಣ್ಣಿನ ಹೋಳು ಇವನ್ನು ಬಿಡುವುದು ಲೇಸು. ಕುಡಿಯುವ ನೀರು ಮನೆಯಿಂದ ತಂದದ್ದಿರಲಿ, ಇಲ್ಲವೆ ಕುದಿಸಿದ ನೀರು ಕೇಳಿ. ರಾತ್ರಿ ಚಾಲನೆ ಮಾಡುವ ಚಾಲಕರು ಹೊಟ್ಟೆ ಬಿರಿಯುವಂತೆ ಉಣ್ಣಬಾರದು, ನಿದ್ದೆ ಎಳೆಯುತ್ತದೆ. ಹಸು ಮಾರಿದ, ಕೊಂಡ ಸಂತೋಷಕ್ಕೆ ಕುಡಿಯುವ ಪದ್ಧತಿ ಕೆಲವರಲ್ಲಿದೆ. ಅದನ್ನು ದಾರಿಯಲ್ಲಂತೂ ಯಾರೂ ಮಾಡಬಾರದು.

ಚಹಾದ ಲೋಟದಲ್ಲಿ ನಮ್ಮ ಹಾಲು

ಊಟವಾದ ಮೇಲೆ ಚಹಾ. ಇಲ್ಲಿ ಸ್ವಲ್ಪ ಹೊತ್ತು ಒಲೆಯ ಕಡೆ ಗಮನವಿಟ್ಟು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಬೆಳಗ್ಗೆ ಸಂಘಕ್ಕೆ ಹಾಲು ಹಾಕಿದ ನಾವೇ ಮಧ್ಯಾಹ್ನ ಹಾಲಿನ ಗಿರಾಕಿಗಳು. ಗಿರಾಕಿಯ ಬೆಂಚಿನ ಮೇಲೆ ಕೂತರೆ ನಮ್ಮ ಹಾಲಿನ ಕತೆ ಬೇರೆಯಾಗಿ ಕಾಣುತ್ತದೆ.

ಒಂದು ಸಣ್ಣ ಲೋಟ ಚಹಾಕ್ಕೆ 40 ಮಿಲಿ ಹಾಲು ಎಂದುಕೊಂಡರೂ ಒಂದು ಲೀಟರಿಗೆ 25 ಲೋಟ. ಹಾಲು ಒಡೆದರೆ 25 ಗಿರಾಕಿಗಳಿಗೆ ಕೊಡಬೇಕಾದದ್ದು ಹೋಯಿತು. ಆದ್ದರಿಂದ ಹೋಟೆಲಿನವರಿಗೆ ಎಲ್ಲಕ್ಕಿಂತ ಮುಖ್ಯ ಒಲೆ ಮೇಲೆ ಹಾಲು ಒಡೆಯಬಾರದು ಎಂಬುದು. ಹಾಲು ಏಕೆ ಒಡೆಯುತ್ತದೆ? ಕೆಚ್ಚಲಿನಿಂದ ಬರುವಾಗ ಹಾಲು ಸುಮಾರು 38 ಡಿಗ್ರಿ ಬಿಸಿ ಇರುತ್ತದೆ. ಅದು ರೋಗಾಣುಗಳಿಗೂ ಹಿತವಾದ ಬಿಸಿ. 4 ಡಿಗ್ರಿಗೆ ಇಳಿಸದೆ ಬಿಸಿಲಲ್ಲಿ ಸುತ್ತಾಡಿಸಿದರೆ ಹುಳಿ ಏರುತ್ತದೆ. ಆ ಹುಳಿ ಮುಚ್ಚಲು ಸೋಡಾ ಹಾಕುವ ಮೋಸಗಾರರೂ ಇದ್ದಾರೆ. ಹಾಲು ಒಡೆದು ಬೇಸತ್ತ ಹೋಟೆಲಿನವರು ಹಾಲಿನ ಬದಲು ಬೇರೆ ಎಣ್ಣೆಯಿಂದ ಮಾಡಿದ ಬಿಳಿ ಪುಡಿಯತ್ತ ಕೈ ಚಾಚಿದರೆ ನಷ್ಟ ಯಾರಿಗೆ? ನಮಗೇ.

ಸಂಘದ ಹಾಲು ಪರೀಕ್ಷಕರು ಲ್ಯಾಕ್ಟೋಮೀಟರ್ ಇಳಿಬಿಟ್ಟಾಗ, "ಕ್ಯಾನು ತೊಳೆದು ತನ್ನಿ" ಎಂದಾಗ, ಕೆಚ್ಚಲು ಬಾವಿನ ಹಾಲು ಬೇಡ ಎಂದು ವಾಪಸ್ಸು ಮಾಡಿದಾಗ ನಮಗೆ ಮುನಿಸು ಬರುತ್ತದೆ. ಹೋಟೆಲಿನ ಒಲೆಯ ಮುಂದೆ ಕೂತಾಗ ಆ ಪರೀಕ್ಷೆಯ ಅರ್ಥ ತಾನಾಗಿಯೇ ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ದಾರಿಯಲ್ಲಿ ಕರೆದ ಹಾಲನ್ನು "ಹೊಸ ಹಸುವಿನ ಹಾಲು, ಹಸಿಯಾಗೇ ಕುಡಿಯೋಣ" ಎನ್ನಬೇಡಿ. ಅಪರಿಚಿತ ಹಸುವಿಗೆ ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್ ಇರಬಹುದು. ಅದು ಹಸಿ ಹಾಲಿನ ಮೂಲಕ ಮನುಷ್ಯರಿಗೆ ಬಂದು ತಿಂಗಳುಗಟ್ಟಲೆ ಜ್ವರ, ಕೀಲು ನೋವು ತರುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕಲಾಗುತ್ತಿದೆ. ಆದರೆ ಸಂತೆಯಲ್ಲಿ ಕೊಂಡ ದೊಡ್ಡ ಹಸುವಿಗೆ ಲಸಿಕೆ ಆಗಿದೆಯೋ ಇಲ್ಲವೋ ಹೇಳುವವರಾರು? ಹಾಲು ಕುದಿಸಿದರೆ ಈ ರೋಗಾಣು ಸಾಯುತ್ತದೆ. ಡೈರಿಯಲ್ಲಿ 72 ಡಿಗ್ರಿಗೆ 15 ಸೆಕೆಂಡು ಕಾಯಿಸುವುದೂ ಇಂಥ ರೋಗಾಣುಗಳನ್ನು ಕೊಲ್ಲಲೆಂದೇ. ಆ ಹಸುವಿಗೆ ಮಾರುವವರು ಚುಚ್ಚುಮದ್ದು ಕೊಡಿಸಿದ್ದರೆ ಆ ಹಾಲನ್ನು ಹೋಟೆಲಿಗೂ ಕೊಡಬಾರದು.

ತಂಪು ಬೇಕೆನಿಸಿದರೆ ಬಾಟಲಿಯ ಬಣ್ಣದ ನೀರು ಕೇಳುವ ಬದಲು "ಮೊಸರು ಇದೆಯಾ, ಮಜ್ಜಿಗೆ ಪೊಟ್ಟಣ ಇದೆಯಾ?" ಎಂದು ಕೇಳಿ. ಹಾಲು ಉತ್ಪಾದಕರೇ ಕೇಳದಿದ್ದರೆ ಹೋಟೆಲಿನವರು ಏಕೆ ಇಟ್ಟಾರು?

ಹೊರಡುವ ಮುಂಚೆ, ಊರು ಮುಟ್ಟಿದ ಮೇಲೆ

ಇಷ್ಟೆಲ್ಲ ಸುಲಭವಾಗಬೇಕಾದರೆ ಹೊರಡುವಾಗಲೇ ಕೆಲವು ಕ್ರಮ ಅನುಸರಿಸಿರಬೇಕು. 1978ರ ಪ್ರಾಣಿ ಸಾಗಾಣಿಕೆ ನಿಯಮಗಳ ಪ್ರಕಾರ ಪಶುವೈದ್ಯರ ಪ್ರಮಾಣಪತ್ರ ಇರಬೇಕು. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಏರಿಸುವಂತಿಲ್ಲ. ನೆಲಕ್ಕೆ ಜಾರದಂತೆ ನಾರಿನ ಚಾಪೆ ಅಥವಾ ಹಲಗೆ ಹಾಸಬೇಕು. ನೋಡಿಕೊಳ್ಳಲು ಒಬ್ಬ ಆಳು ಜೊತೆಗಿರಬೇಕು. ದನದ ಜೊತೆ ಬೇರೆ ಸರಕು ಹೇರುವಂತಿಲ್ಲ. ದನಗಳನ್ನು ಎಂಜಿನ್ ಕಡೆ ಮುಖ ಮಾಡಿ ಕಟ್ಟುವುದು ಒಳ್ಳೆಯದು. ಸಣ್ಣ ಪಿಕಪ್ ವಾಹನವಾದರೆ ಒಂದು ಹಸುವಿಗೆ 2 ಚದರ ಮೀಟರ್ ಲೆಕ್ಕ ಹಾಕಿ, ಬಾಡಿಗೆ ಉಳಿಸಲು ಮೂರನೆಯದನ್ನು ತುರುಕಬೇಡಿ. ಕೊಂಡ ರಸೀದಿ, ಪ್ರಮಾಣಪತ್ರ ಒಂದೇ ಚೀಲದಲ್ಲಿರಲಿ. ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದಾಗ ಕಾಗದ ಹುಡುಕುತ್ತಾ ಹಸುವನ್ನು ಬಿಸಿಲಿಗೆ ನಿಲ್ಲಿಸುವಂತಾಗಬಾರದು. ಬೇಸಿಗೆಯಲ್ಲಿ ಬೆಳಗಿನ ಜಾವ ಅಥವಾ ರಾತ್ರಿ ಪ್ರಯಾಣ ಮೇಲು. ಗಬ್ಬ ತುಂಬಿದ ಹಸುವನ್ನು ದೂರ ಸಾಗಿಸಬಾರದು.

ಊರು ಮುಟ್ಟಿದ ಮೇಲೆ ದಿಬ್ಬಕ್ಕೆ ವಾಹನ ತಾಗಿಸಿ ನಿಧಾನ ಇಳಿಸಿ. ಹಾರಿಸಬೇಡಿ. ಬೆಲ್ಲ, ಒಂದು ಹಿಡಿ ಉಪ್ಪು ಕರಗಿಸಿದ ನೀರು ಕೊಡಿ. ಮೊದಲ ದಿನ ಒಣ ಮೇವು, ಆಮೇಲೆ ದಿನದಿನಕ್ಕೆ ಪಶು ಆಹಾರ ಹೆಚ್ಚಿಸಿ. ಮೂರು ವಾರದಿಂದ ಒಂದು ತಿಂಗಳು ಹಳೆಯ ದನಗಳಿಂದ ಬೇರೆ ಕಟ್ಟಿ, ಕೊನೆಯಲ್ಲಿ ಹಾಲು ಕರೆಯಿರಿ. ಹಾಲು ಇಳಿಯಿತೆಂದು ಮೊದಲ ವಾರದಲ್ಲೇ ಮಾರಿದವರನ್ನು ಬೈಯಬೇಡಿ. ದಣಿವು ಆರಿ, ನೀರು ಮೇವು ಹೊಂದಿಕೊಂಡರೆ ಹಾಲು ಏರುತ್ತದೆ.

ಸಂಘಗಳಿಗೆ ಒಂದು ಮನವಿ

ನಮ್ಮ ಊರುಗಳಲ್ಲಿ ಬೇಸಿಗೆ ಬಂದರೆ ದಾರಿಹೋಕರಿಗೆ ಅರವಟ್ಟಿಗೆ ಇಡುವ ಸಂಪ್ರದಾಯವಿದೆ. ದನಗಳಿಗೆ ನೀರಿನ ತೊಟ್ಟಿ ಕಟ್ಟಿಸಿದ ಪುಣ್ಯವಂತರೂ ಇದ್ದಾರೆ. ಮುಖ್ಯ ರಸ್ತೆಯ ಬದಿಗಿರುವ ನಮ್ಮ ಸಂಘಗಳು ಪಂಚಾಯಿತಿಯವರ ಸಹಕಾರದಿಂದ ತಮ್ಮ ಕಟ್ಟಡದ ಪಕ್ಕದಲ್ಲಿ ನಲ್ಲಿ ಮತ್ತು ನೆರಳಿನ ವ್ಯವಸ್ಥೆ ಮಾಡಿದರೆ, ಕೂಡ್ಲಿಗಿಯಿಂದ ಹಡಗಲಿಯವರೆಗೆ, ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ದನ ಹೇರಿದ ವಾಹನಗಳಿಗೆ ನಿಲ್ಲಲು ಜಾಗವಾಗುತ್ತದೆ. ರೋಗ ಹರಡದಂತೆ ತೊಟ್ಟಿಗಿಂತ ನಲ್ಲಿಯೇ ಒಳ್ಳೆಯದು, ಅವರವರ ಬಕೆಟ್ಟಿಗೆ ಅವರವರು ಹಿಡಿದುಕೊಳ್ಳಲಿ. ಖರ್ಚು ಹೆಚ್ಚಿನದಲ್ಲ. ಪಕ್ಕದ ಹೋಟೆಲಿನವರೊಂದಿಗೆ ಮಾತನಾಡಿ ಸಂಘದ ಸ್ಥಳೀಯ ಮಾರಾಟದ ಹಾಲನ್ನೇ ಅವರು ಕೊಳ್ಳುವಂತೆ ಮಾಡಿದರೆ ಇಬ್ಬರಿಗೂ ಲಾಭ.

ಬಾಂಧವರೆ, ಮುಂದಿನ ಸಲ ಸಂತೆಯಿಂದ ಹಸು ತರುವಾಗ ಹೋಟೆಲಿನ ಮುಂದೆ ವಾಹನ ನಿಲ್ಲಿಸಿದ ಕೂಡಲೇ ಒಂದೇ ಒಂದು ಕೆಲಸ ಮಾಡಿ. ಬಾಗಿಲು ತೆಗೆದು ಹೋಟೆಲಿನ ಕಡೆ ನಡೆಯುವ ಬದಲು ವಾಹನದ ಹಿಂಭಾಗಕ್ಕೆ ನಡೆಯಿರಿ. ಬಕೆಟ್ಟು ತುಂಬಿಸಿ. ಮುಂದಿನ ಹತ್ತು ಕರುಗಳ ತಾಯಿ, ಮನೆಯ ಮಕ್ಕಳ ಫೀಜು, ಸಂಘಕ್ಕೆ ಹೋಗುವ ನಾಳಿನ ಹಾಲು ಎಲ್ಲವೂ ಆ ತಾಡಪಾಲಿನ ಕೆಳಗೆ ಬಾಯಾರಿ ನಿಂತಿರುತ್ತವೆ. ಆಮೇಲೆ ಬಂದು ಕೂತರೆ ನಿಮ್ಮ ರೊಟ್ಟಿಯೂ ಬಿಸಿಯಾಗಿಯೇ ಬರುತ್ತದೆ.